ಓದಿ ಊದಿದ ನೀರು, ಮೂರು ಆರ್ಕಿಡ್

ಚಕ್ಕೆಯ ವಾಸನೆ ಬಂದರೆ ಎಲ್ಲರಿಗೂ ಪಲಾವು ನೆನಪಾಗುತ್ತದೆ. ನನಗೆ ಕೊಳೆತ ಬೇರು ನೆನಪಾಗುತ್ತದೆ. ಮೊನ್ನೆ ಇಂದಿರಾನಗರದಲ್ಲಿ ನನ್ನ ತಂಗಿಯ ಮಗಳ ಸೀಮಂತ. ಊಟದ ಹಾಲ್‌ನಲ್ಲಿ ಪಲಾವಿನ ಪಾತ್ರೆಯ ಮುಚ್ಚಳ ತೆಗೆದರು ನೋಡಿ, ಘಮ್ಮೆಂದು ಮೂಗಿಗೆ ಬಡಿಯಿತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದವಳು ಹಾಗೇ ಪಕ್ಕಕ್ಕೆ ಸರಿದುಬಿಟ್ಟೆ.

"ಯಾಕಕ್ಕಾ, ಪಲಾವ್ ಬೇಡ್ವಾ?" ಅಂದಳು ತಂಗಿ.

"ಎದೆ ಉರಿ ಕಣೇ" ಅಂದೆ. ಪೂರ್ತಿ ಸುಳ್ಳೇನೂ ಅಲ್ಲ.

ಎರಡು ವರ್ಷದ ಹಿಂದಿನ ಮಳೆಗಾಲದ ಮಾತು. ನಮ್ಮದು ಜೋಗುಪಾಳ್ಯದಲ್ಲಿ ಮೂರಂತಸ್ತಿನ ಮನೆ. ಮೂರಂತಸ್ತು ಅಂದಕೂಡಲೇ ಬಂಗಲೆ ಅಂದುಕೊಳ್ಳಬೇಡಿ, ಸಣ್ಣ ಸೈಟಿನಲ್ಲಿ ಬೆಂಕಿಪೊಟ್ಟಣದ ಮೇಲೆ ಬೆಂಕಿಪೊಟ್ಟಣ ಇಟ್ಟ ಹಾಗೆ ಕಟ್ಟಿದ್ದು. ನನ್ನ ಮಾವನವರ ಕಾಲದಲ್ಲಿ ಹಲಸೂರು ಕೆರೆಯ ಕಡೆ ಸೊಪ್ಪು ಬೆಳೆಯುತ್ತಿದ್ದ ಮನೆತನ. "ಈಗ ಬಾಡಿಗೆ ಬೆಳೀತೀವಿ" ಎಂದು ನನ್ನ ಯಜಮಾನರು ಮುನಿರಾಜು ತಮಾಷೆ ಮಾಡುತ್ತಾರೆ. ಕೆಳಗಿನ ಮನೆ ನಮ್ಮದು. ನಡುವಿನ ಮನೆಯಲ್ಲಿ ಖೈರಕ್ಕ ಮತ್ತು ಅವರ ಗಂಡ ಗೌಸ್ ಸಾಹೇಬರು. ಸಾಹೇಬರು ಶಿವಾಜಿನಗರದಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದವರು. ಮೇಲಿನ ಮನೆಯಲ್ಲಿ ಸೆಲ್ವಿ, ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ಹುಡುಗಿ. ಮೂರೂ ಮನೆಗೆ ಒಂದೇ ಮೆಟ್ಟಿಲು.

ಬಾಡಿಗೆಗೆ ಬಂದವರಿಗೆಲ್ಲ ನಾನು ಮೊದಲ ದಿನವೇ ಕೆಲವು ಮಾತು ಹೇಳಿಬಿಡುತ್ತೇನೆ. ಗೇಟು ಹಾಕಿ, ಮೋಟಾರ್ ಆಫ್ ಮಾಡಿ, ದೇವರ ನೀರನ್ನು ಮೋರಿಗೆ ಹಾಕಬೇಡಿ. ಈ ಕೊನೆಯದು ನಮ್ಮತ್ತೆ ಕಲಿಸಿದ್ದು. ಕಲಶದ ನೀರು, ಅಭಿಷೇಕದ ನೀರು ತುಳಿಯುವ ಜಾಗಕ್ಕೆ ಬೀಳಬಾರದು, ಗಿಡದ ಬುಡಕ್ಕೇ ಹೋಗಬೇಕು. ಆದರೆ ನಮ್ಮ ಮನೆಯ ಸುತ್ತ ಒಂದು ಹಿಡಿ ಮಣ್ಣು ತೋರಿಸಿ ನೋಡೋಣ! ಎಲ್ಲಾ ಸಿಮೆಂಟು. ಅದಕ್ಕೇ ಮೆಟ್ಟಿಲು ತಿರುಗುವ ಕಡೆ, ಕಿಟಕಿಯ ಕೆಳಗೆ ಒಂದು ದೊಡ್ಡ ಸಿಮೆಂಟ್ ಕುಂಡದಲ್ಲಿ ಕ್ರೋಟನ್ ಇಟ್ಟಿದ್ದೆ. ಮೂರೂ ಮನೆಯವರು ಆ ನೀರನ್ನು ಅದಕ್ಕೇ ಹಾಕಬೇಕು.

ಇದನ್ನು ಹೇಳಿದಾಗ ಖೈರಕ್ಕ ನಕ್ಕಿದ್ದರು. "ಅರೆ, ನಮ್ಮಲ್ಲೂ ಹಾಗೇ ಭಾಗ್ಯಮ್ಮಾ. ದಮ್ ಮಾಡಿದ್ ನೀರನ್ನ ಯಾರಾದ್ರೂ ಮೋರಿಗೆ ಹಾಕ್ತಾರಾ? ಗಿಡಕ್ಕೇ ಹಾಕೋದು." ಅವರ ಮನೆಯಲ್ಲಿ ಕಾಯಿಲೆಯವರಿಗೆ ನೀರಿನ ಮೇಲೆ ಕುರಾನಿನ ಮಾತುಗಳನ್ನು ಓದಿ, ಮೆಲ್ಲಗೆ ಉಸಿರು ಊದಿ, ಆ ನೀರನ್ನು ಕುಡಿಸುತ್ತಾರೆ. ಅದೇ ದಮ್ ಮಾಡಿದ ನೀರು. ಕುಡಿದು ಉಳಿದದ್ದು ಗಿಡಕ್ಕೆ. ಇಬ್ಬರಿಗೂ ಒಂದೇ ಪದ್ಧತಿ ಅಂತ ತಿಳಿದ ದಿನದಿಂದ ನಮಗೆ ಸಲಿಗೆ ಬೆಳೆಯಿತು. ಕ್ರೋಟನ್ನಿಗೆ ನನ್ನ ಶುಕ್ರವಾರದ ಕಲಶದ ನೀರು, ಸೆಲ್ವಿಯ ಮುರುಗನ್ ವಿಗ್ರಹ ತೊಳೆದ ನೀರು, ಖೈರಕ್ಕನ ಮನೆಯ ನೀರು ಎಲ್ಲಾ ಬೀಳುತ್ತಿತ್ತು. ಅದೂ ಗೂಳಿಯ ಹಾಗೆ ಕೊಬ್ಬಿ ಬೆಳೆದಿತ್ತು.

ಆ ವರ್ಷ ಬೇಸಿಗೆಯಲ್ಲಿ ಗೌಸ್ ಸಾಹೇಬರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಮಾತ್ರೆ, ಕೈಕಾಲು ಆಡಿಸುವ ವ್ಯಾಯಾಮ, ಎಲ್ಲವನ್ನೂ ಖೈರಕ್ಕ ಚಾಚೂ ತಪ್ಪದೆ ಮಾಡಿಸುತ್ತಿದ್ದರು. ಅದರ ಜೊತೆಗೆ ಬೆಳಗಿನ ನಮಾಜು ಮುಗಿಸಿ, ಒಂದು ಸ್ಟೀಲ್ ಲೋಟದಲ್ಲಿ ನೀರಿಟ್ಟುಕೊಂಡು, ಗಂಡನ ಕಿವಿಯ ಹತ್ತಿರ ಕೂತು ಓದುತ್ತಿದ್ದರು. ನಾನು ಬಾಗಿಲಿಗೆ ರಂಗೋಲಿ ಹಾಕುವ ಹೊತ್ತಿಗೆ ಆ ಗುನುಗು ಮೆಟ್ಟಿಲಲ್ಲಿ ಇಳಿದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರೂ ಇಳಿದು ಬಂದು ಲೋಟದಲ್ಲಿ ಉಳಿದ ಎರಡು ಗುಟುಕು ನೀರನ್ನು ಕುಂಡಕ್ಕೆ ಹಾಕುತ್ತಿದ್ದರು. "ಇವತ್ತು ಎಡಗೈಯಲ್ಲಿ ಲೋಟ ತಾವೇ ಹಿಡ್ಕೊಂಡ್ರು ಭಾಗ್ಯಮ್ಮಾ" ಎಂದು ಮುಖ ಅರಳಿಸಿ ಹೇಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಮಳೆ ಶುರುವಾಗುವ ಹೊತ್ತಿಗೆ ನಾವು ಕೆ.ಆರ್. ಪುರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ರಸ್ತೆ ಬದಿಯ ನರ್ಸರಿಯಲ್ಲಿ ಆರ್ಕಿಡ್ ಕಂಡವು. ಬಿಳಿ, ನೇರಳೆ, ಹಳದಿ. ಚಿಟ್ಟೆಗಳು ಸಾಲಾಗಿ ಕೂತ ಹಾಗೆ ಹೂವು. ಇಂದಿರಾನಗರದ ಹೋಟೆಲುಗಳ ಗಾಜಿನ ಹಿಂದೆ ನೋಡಿ ನೋಡಿ ಆಸೆಪಟ್ಟಿದ್ದವಳು ನಾನು. ಮೂರನ್ನೂ ತಂದೆ.

"ಮಣ್ಣೇ ಇಲ್ದಿರೋ ಗಿಡ ತಗೊಂಡು ಬಂದ್ಲಪ್ಪಾ ಒಕ್ಕಲಿಗರ ಸೊಸೆ!" ಎಂದು ದಾರಿಯುದ್ದಕ್ಕೂ ಛೇಡಿಸಿದರು ಯಜಮಾನರು. ನಿಜ, ಕುಂಡದಲ್ಲಿ ಮಣ್ಣಿರಲಿಲ್ಲ. ಮೇಲೆ ಮರದ ತೊಗಟೆಯ ಚೂರು, ಒಳಗೆ ಏನಿದೆಯೋ ನಾನು ನೋಡಲಿಲ್ಲ.

ಬೆಳಕು ಬೇಕು, ಬಿಸಿಲು ಬೇಡ ಅಂದಿದ್ದರು ನರ್ಸರಿಯವರು. ಮೆಟ್ಟಿಲ ಕಿಟಕಿಗಿಂತ ಒಳ್ಳೆಯ ಜಾಗ ಇನ್ಯಾವುದು? ಕ್ರೋಟನ್ನನ್ನು ಟೆರೇಸಿಗೆ ಹೊರಿಸಿ, ಅದರ ಜಾಗದಲ್ಲಿ ಮೂರು ಆರ್ಕಿಡ್ ಇಟ್ಟೆ. ಇನ್ನು ಮೇಲೆ ದೇವರ ನೀರನ್ನು ಟೆರೇಸಿನಲ್ಲಿ ಹಾಕಿ ಎಂದು ಯಾರಿಗೂ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೇ ಇಲ್ಲ. ಅವರನ್ನೇನು ಅನ್ನುವುದು, ಮೊದಲ ಶುಕ್ರವಾರ ನಾನೇ ಕಲಶದ ಚೆಂಬು ಹಿಡಿದು ಹೋಗಿ, ಕೈ ಅಭ್ಯಾಸದಲ್ಲಿ ಬಿಳಿ ಆರ್ಕಿಡ್ಡಿನ ಬುಡಕ್ಕೆ ಸುರಿದು, ಕೈ ಮುಗಿದು ಬಂದೆ.

ಆಮೇಲೆ ಬಂತು ಮಳೆ. ಒಗೆದ ಬಟ್ಟೆ ಒಣಗದ, ಉಪ್ಪಿನ ಡಬ್ಬಿಯಲ್ಲಿ ಉಪ್ಪು ಕರಗುವ ಮಳೆ. ಒಂದು ದಿನ ನೋಡುತ್ತೇನೆ, ಮೊಗ್ಗುಗಳು ಅರಳದೆ ಉದುರಿವೆ. ಎಲೆಗಳು ಮುದುಕಿಯ ಕೈಯಂತೆ ಸುಕ್ಕು. ಪಾಪ, ಬಾಯಾರಿಕೆ ಇರಬೇಕು ಅಂತ ಇನ್ನೊಂದು ಚೆಂಬು ನೀರು ಹಾಕಿದೆ. ಮರುದಿನ ಇನ್ನೂ ಸುಕ್ಕು. ಇನ್ನೊಂದು ಚೆಂಬು. ಬೇರು ಕೊಳೆತ ಗಿಡ ನೀರು ಕುಡಿಯಲಾರದೆ ಒಣಗುತ್ತದೆ, ನೋಡಿದವರಿಗೆ ನೀರಿಲ್ಲದೆ ಒಣಗಿದ ಹಾಗೇ ಕಾಣುತ್ತದೆ. ಇದು ನನಗೆ ಗೊತ್ತಾಗುವಷ್ಟರಲ್ಲಿ ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲೇ ಮರೆತಂಥ ವಾಸನೆ ಮೆಟ್ಟಿಲ ತುಂಬ ಹರಡಿತ್ತು.

ಒಂದು ಬೆಳಿಗ್ಗೆ ತಾಳಲಾರದೆ ಮೆಟ್ಟಿಲ ಮೇಲೆ ಪೇಪರ್ ಹಾಸಿ ಕೂತು ಬಿಳಿ ಆರ್ಕಿಡ್ಡನ್ನು ಕುಂಡದಿಂದ ಎಳೆದೆ. ಅಯ್ಯೋ ಶಿವನೇ! ಬೇರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಲೊಳಲೊಳ ಅನ್ನುತ್ತಿದ್ದವು. ಬೆರಳಲ್ಲಿ ಹಿಡಿದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ದಾರ ಮಾತ್ರ ಉಳಿಯಿತು. ನೇರಳೆಯದ್ದೂ ಹಾಗೇ. ಹೂವಿನ ಮೇಲಿನ ಆಸೆ, ಯಜಮಾನರು ಛೇಡಿಸಿದ್ದು, ಕೈಗೆ ಮೆತ್ತಿದ ಕೊಳೆ, ಎಲ್ಲಾ ಸೇರಿ ನೆತ್ತಿಗೇರಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ಸರಿಯಾಗಿ ಆ ಹೊತ್ತಿಗೇ ಖೈರಕ್ಕ ಲೋಟ ಹಿಡಿದು ಇಳಿದು ಬಂದರು. ನಾನು ಕೂತಿದ್ದನ್ನು ನೋಡಿ ನಕ್ಕು, ಉಳಿದಿದ್ದ ಹಳದಿ ಆರ್ಕಿಡ್ಡಿನ ಬುಡಕ್ಕೆ ಲೋಟ ಬಗ್ಗಿಸಿದರು.

"ಅಯ್ಯೋ, ನಿಲ್ಸಿ ರೀ!" ಎಂದು ಕಿರುಚಿದೆ. "ದಿನಾ ತಂದು ಸುರೀತೀರಲ್ಲ! ನಿಮ್ ನೀರೇ ಇವನ್ನೆಲ್ಲ ಕೊಂದಿದ್ದು!"

ಅವರ ಕೈ ಹಾಗೇ ನಿಂತಿತು. "ಇದು... ಓದಿದ್ ನೀರು ಭಾಗ್ಯಮ್ಮಾ. ಸಾಹೇಬ್ರು ಕುಡ್ದು ಉಳ್ದಿದ್ದು."

"ಓದಿದ್ರೇನು, ಓದ್ದಿದ್ರೇನು? ನೋಡಿ ಇಲ್ಲಿ, ಹೆಂಗೆ ಕೊಳ್ತೋಗಿದೆ!" ಅಂದು ಆ ಬೇರನ್ನು ಅವರ ಮುಖಕ್ಕೇ ಹಿಡಿದೆ.

ಅವರು ಬೇರನ್ನು ನೋಡಿದರು, ಲೋಟ ನೋಡಿದರು. "ತಪ್ಪಾಯ್ತು" ಅಂದು ಲೋಟವನ್ನು ಸೆರಗಿನೊಳಗೆ ಮುಚ್ಚಿಕೊಂಡು ಹತ್ತಿ ಹೋದರು. ನಾನು ಗೊಣಗುತ್ತಾ ಬೇರು ಕತ್ತರಿಸುತ್ತಾ ಕೂತೆ.

ಸಂಜೆ ಸೆಲ್ವಿ ಕೆಲಸದಿಂದ ಬಂದವಳು ಮೆಟ್ಟಿಲಲ್ಲಿ ನಿಂತಳು. ನಾನು ಕೂಗಿದ್ದು ಬೆಳಿಗ್ಗೆ ಅವಳಿಗೂ ಕೇಳಿಸಿತ್ತಂತೆ. "ಅಕ್ಕಾ, ನಾನೂ ದಿನಾ ನೀರು ಹಾಕ್ತಿದ್ದೆ ಅಲ್ವಾ?"

"ಹೂಂ, ಇನ್ಮೇಲೆ ಹಾಕ್ಬೇಡ."

"ಅದಲ್ಲಕ್ಕಾ. ನಂಗೆ ಯಾಕೆ ಬಯ್ಲಿಲ್ಲ?"

ಆ ಹೊತ್ತಿಗೆ ಅವರು ಬಂದರು, ಅದಕ್ಕೆ ಅವರಿಗೆ ಬಿತ್ತು, ಅಷ್ಟೇ, ಅಂದೆ. ಅದೇ ನಿಜ ಕೂಡ. ದೇವರಾಣೆಗೂ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಆದರೆ ಈಗಿನ ಕಾಲದಲ್ಲಿ 'ನಿಮ್ಮ ನೀರು' ಎಂದು ಅವರ ಮುಖಕ್ಕೆ ಅಂದರೆ ಅವರಿಗೆ ಏನೆಲ್ಲ ಕೇಳಿಸಿರಬೇಡ? ಸೆಲ್ವಿ ಮೇಲೆ ಹೋದಳು. ಯಜಮಾನರಿಗೆ ಹೇಳಿದರೆ ಅವರೂ ತಲೆಯಾಡಿಸಿದರು. "ನೀನು ಓನರು ಕಣೇ. ಓನರ್ ಒಂದ್ಸಲ ಬೈದ್ರೆ ಬಾಡಿಗೆಯವ್ರಿಗೆ ಹತ್ತು ಸಲ ಕೇಳ್ಸತ್ತೆ."

ಮರುದಿನ ಫೋನಿನಲ್ಲಿ ಆರ್ಕಿಡ್ ವಿಡಿಯೊ ನೋಡುತ್ತಾ ಉಳಿದ ಹಳದಿಯದನ್ನು ಬಿಚ್ಚಿದೆ. ಆಗ ಗೊತ್ತಾಯಿತು ಅಸಲು ಸಂಗತಿ. ತೊಗಟೆಯ ಚೂರಿನ ಕೆಳಗೆ, ಬೇರಿನ ಮಧ್ಯೆ, ಹಿಂದಿನ ದಿನ ಸಿಟ್ಟಿನಲ್ಲಿ ನಾನು ಗಮನಿಸದೇ ಇದ್ದ ಒಂದು ಪುಟ್ಟ ಪ್ಲಾಸ್ಟಿಕ್ ಬುಟ್ಟಿ. ಗಿಡ ಮರಿಯಾಗಿದ್ದಾಗ ಹಾಕಿದ್ದು. ಅದರೊಳಗೆ ನೀರು ಹೀರಿ ಹಿಡಿದಿಡುವ ಪಾಚಿಯನ್ನು ಒತ್ತಿ ಒತ್ತಿ ತುಂಬಿದ್ದರು. ಹಿಂಡಿದರೆ ಕಪ್ಪು ನೀರು ಸುರಿಯಿತು. ಮೇಲೆ ಒಣಗಿದಂತೆ ಕಂಡರೂ ಒಳಗೆ ಅದು ಎಂದೂ ಒಣಗಿಯೇ ಇರಲಿಲ್ಲ. ಕೊಳೆಯುವುದು ನರ್ಸರಿಯಲ್ಲೇ ಶುರುವಾಗಿತ್ತು, ಮಳೆ ಅದನ್ನು ಬೆಳೆಸಿತು, ನನ್ನ ಚೆಂಬುಗಟ್ಟಲೆ ನೀರು ಮುಗಿಸಿತು. ಎಲ್ಲರ ನೀರಿನಲ್ಲಿ ಅತಿ ಕಡಿಮೆ ಇದ್ದದ್ದು ಖೈರಕ್ಕನ ಆ ಎರಡು ಗುಟುಕು.

ಕತ್ತರಿಯನ್ನು ಬೆಂಕಿಗೆ ಹಿಡಿದು, ಮೆತ್ತಗಾದ ಬೇರನ್ನೆಲ್ಲ ಕತ್ತರಿಸಿದೆ. ಗಟ್ಟಿಯಾಗಿದ್ದ ಎರಡೇ ಎರಡು ತುಂಡು ಉಳಿದವು. ಕತ್ತರಿಸಿದ ಕಡೆಗೆಲ್ಲ ಚಕ್ಕೆ ಪುಡಿ ಹಚ್ಚಬೇಕಂತೆ, ಗಾಯ ಒಣಗುತ್ತದಂತೆ. ಅಡುಗೆಮನೆಯ ಚಕ್ಕೆಯನ್ನು ಕುಟ್ಟಿ, ಜರಡಿ ಹಿಡಿದು ಹಚ್ಚಿದೆ. ಒಂದು ದಿನ ಗಾಳಿಗೆ ಒಣಗಲು ಬಿಟ್ಟು, ಇದ್ದಿಲ ಚೂರಿನ ಮೇಲೆ ಕೂರಿಸಿದೆ. ಬಿಳಿ, ನೇರಳೆ ಎರಡಕ್ಕೂ ಹಾಗೇ ಮಾಡಿದೆ, ಆದರೆ ಅವುಗಳ ಬುಡವೇ ಕರಗಿಹೋಗಿತ್ತು. ವಾರ ಕಳೆಯುವಷ್ಟರಲ್ಲಿ ಎಲೆ ಕಳಚಿ ಬಿದ್ದವು.

ಈ ಗಡಿಬಿಡಿಯಲ್ಲಿ ಒಂದು ವಿಷಯ ತಡವಾಗಿ ಗಮನಕ್ಕೆ ಬಂತು. ಬೆಳಿಗ್ಗೆ ರಂಗೋಲಿ ಹಾಕುವಾಗ ಮೆಟ್ಟಿಲಲ್ಲಿ ಗುನುಗು ಕೇಳುತ್ತಿರಲಿಲ್ಲ. ಸಾಹೇಬರಿಗೆ ಏನಾದರೂ ಆಯಿತೇ ಎಂದು ಓಡಿಹೋಗಿ ಬಾಗಿಲು ತಟ್ಟಿದೆ. ಖೈರಕ್ಕ ನಗುಮುಖದಲ್ಲೇ ಒಳಗೆ ಕರೆದರು, ಚಹಾ ಇಟ್ಟರು. ಸಾಹೇಬರು ಮಂಚದಲ್ಲಿ ದಿಂಬಿಗೆ ಒರಗಿದ್ದರು. ಮೊದಲಿನಂತೆ ನನ್ನನ್ನು ನೋಡಿ ಎಡಗೈ ಎತ್ತಲಿಲ್ಲ.

"ಬೆಳಿಗ್ಗೆ ನಿಮ್ ಧ್ವನಿ ಕೇಳ್ಸಲ್ವಲ್ಲ ಖೈರಕ್ಕ?"

"ಈಗ ಓದಲ್ಲ. ಬರೀ ನೀರು ಕುಡಿಸ್ತೀನಿ" ಅಂದರು ಮೆಲ್ಲಗೆ.

"ಯಾಕೆ?"

ಅವರು ಅಡುಗೆಮನೆಯ ಬಾಗಿಲಿಗೆ ಸರಿದು, ಗಂಡನಿಗೆ ಕೇಳದ ಹಾಗೆ ಹೇಳಿದರು. "ಓದಿ ಊದ್ಸೋಕೆ ದರ್ಗಾದ ಯಾವ ಹಜ್ರತ್ ಹತ್ರಾನೂ ಹೋಗ್ಲಿಲ್ಲ ಭಾಗ್ಯಮ್ಮಾ. ನಾನೇ ಓದಿ ನಾನೇ ಊದ್ತಿದ್ದೆ. ನನ್ ಬಾಯಲ್ಲೇ ಏನೋ ಇರ್ಬೇಕು. ಆ ಗಿಡ ಪಾಪ ಏನ್ ಮಾಡಿತ್ತು? ಅದಕ್ಕೇ ಹಂಗಾದ್ರೆ, ಇವ್ರಿಗೆ ಏನಾಗ್ಬೇಡ?"

ಚಹಾ ಲೋಟ ಕೆಳಗಿಟ್ಟೆ. ಆ ಮನುಷ್ಯನಿಗೆ ಡಾಕ್ಟರು ಮಾಡುವುದನ್ನು ಡಾಕ್ಟರು ಮಾಡುತ್ತಿದ್ದರು. ಹೆಂಡತಿಯಾಗಿ ಈಕೆ ತಾನೇ ಮಾಡಬಹುದಾಗಿದ್ದದ್ದು ಅದೊಂದೇ, ಅದನ್ನು ನಾನು ಒಂದು ಗಿಡದ ಸಿಟ್ಟಿಗೆ ಕಿತ್ತುಕೊಂಡಿದ್ದೆ. ಥೂ ನನ್ನ ನಾಲಿಗೆಗೆ ಬೆಂಕಿ ಹಾಕ!

ಕೆಳಗೆ ಓಡಿ ಆ ಪ್ಲಾಸ್ಟಿಕ್ ಬುಟ್ಟಿಯನ್ನೂ ಕಪ್ಪು ಪಾಚಿಯನ್ನೂ ತಂದು ತೋರಿಸಿದೆ. ನರ್ಸರಿಯದು, ಮಳೆಯದು, ನನ್ನದು ಅಂತ ಬಿಡಿಸಿ ಬಿಡಿಸಿ ಹೇಳಿದೆ. ತಪ್ಪು ನನ್ನದೇ, ಬಾಯಿಗೆ ಬಂದದ್ದು ಆಡಿಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಕೈ ಹಿಡಿದುಕೊಂಡೆ. ಅವರು ನನ್ನ ಕೈ ತಟ್ಟಿದರು. "ನೀವು ಒಳ್ಳೇವ್ರು ಭಾಗ್ಯಮ್ಮಾ. ನನ್ ಸಮಾಧಾನಕ್ಕೆ ಹೇಳ್ತೀರ. ಇರ್ಲಿ ಬಿಡಿ." ಆಮೇಲೆ ಬಿಸ್ಕತ್ತಿನ ತಟ್ಟೆ ಮುಂದಿಟ್ಟರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಅಂತ ನಮ್ಮತ್ತೆ ಎಷ್ಟು ಸಲ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ನಾನು ಆ ಹಳದಿ ಆರ್ಕಿಡ್ಡನ್ನು ಸಾಕಿದ್ದು ಹೂವಿನ ಆಸೆಗಲ್ಲ. ಅದು ಬದುಕಿದರೆ ಖೈರಕ್ಕನಿಗೆ ತೋರಿಸಬಹುದು, ನೋಡಿ ನಿಮ್ಮ ನೀರು ಕುಡಿದದ್ದೇ ಬದುಕಿತು ಅನ್ನಬಹುದು, ಅಷ್ಟೇ ಲೆಕ್ಕಾಚಾರ. ಬೆಳಿಗ್ಗೆ ಎದ್ದವಳು ದೇವರ ಮನೆಗಿಂತ ಮೊದಲು ಅದರ ಹತ್ತಿರ ಹೋಗುತ್ತಿದ್ದೆ. ಇದ್ದಿಲು ಮುಟ್ಟಿ ನೋಡಿ, ಪೂರ್ತಿ ಒಣಗಿದ ಮೇಲೆ ಮಾತ್ರ ಸ್ವಲ್ಪ ನೀರು ಚಿಮುಕಿಸುತ್ತಿದ್ದೆ. ಮಳೆ ಸುರಿದಾಗ ಕಿಟಕಿ ಮುಚ್ಚುತ್ತಿದ್ದೆ, ನಿಂತಾಗ ಗಾಳಿಗೆ ತೆರೆಯುತ್ತಿದ್ದೆ. ಗಣೇಶನ ಹಬ್ಬಕ್ಕೆ ಬಂದ ನೆಂಟರೆಲ್ಲ ಆ ಎರಡೆಲೆಯ ಸುಕ್ಕು ಗಿಡ ನೋಡಿ, ಇದನ್ನು ಯಾಕೆ ಇಟ್ಟಿದ್ದೀಯ, ಎಸೆಯಬಾರದೇ ಅಂದರು. ಅವರಿಗೆ ಏನಂತ ಹೇಳುವುದು.

ಖೈರಕ್ಕ ಮಾತ್ರ ಆ ಕಿಟಕಿಯ ಹತ್ತಿರ ಬಂದಾಗ ಗೋಡೆಗೆ ಒತ್ತಿಕೊಂಡು ದಾಟಿ ಹೋಗುತ್ತಿದ್ದರು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಧೈರ್ಯ ಮಾಡಿ, ಒಂದು ಚೆಂಬಿನಲ್ಲಿ ನೀರು ಹಿಡಿದು ಅವರ ಮನೆಗೆ ಹೋದೆ. "ಖೈರಕ್ಕ, ಇದರ ಮೇಲೆ ಓದಿ ಊದಿಕೊಡಿ. ನನ್ ಗಿಡಕ್ಕೆ ಬೇಕು."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ನಕ್ಕೋ ಭಾಗ್ಯಮ್ಮಾ, ಬೇಡ. ಉಳ್ದಿರೋದು ಅದೊಂದೇ."

"ನಾನೇ ಕೇಳ್ತಿದೀನಲ್ಲ! ಕೈ ಮುಗೀತೀನಿ."

"ಹಂಗೆಲ್ಲ ಮಾಡ್ಬೇಡಿ" ಎಂದು ಅವರು ಅಳುಮುಖ ಮಾಡಿದರು. ನಾನು ಇನ್ನಷ್ಟು ಒತ್ತಾಯಿಸಿದರೆ ಅದೂ ಓನರಮ್ಮನ ಜಬರದಸ್ತೇ ಆಗುತ್ತದೆ ಅನ್ನಿಸಿ ಬಾಯಿ ಮುಚ್ಚಿದೆ.

ಸಾಹೇಬರು ಮಂಚದಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಬೆಳಗಿನ ಮಾತ್ರೆಯ ಹೊತ್ತು. ಖೈರಕ್ಕ ಕಣ್ಣೊರೆಸಿಕೊಂಡು, ಒಂದು ಕೈಯಲ್ಲಿ ಮಾತ್ರೆ ಇಟ್ಟುಕೊಂಡು, ಸ್ಟೀಲ್ ಲೋಟವನ್ನು ಗಂಡನ ಬಾಯಿಗೆ ಹಿಡಿದರು. ಸಾಹೇಬರು ತುಟಿ ಬಿಗಿದರು. ಲೋಟವನ್ನು ಎಡಗೈಯಲ್ಲಿ ಹಿಡಿದು, ತಳ್ಳಲಿಲ್ಲ, ತಿರುಗಿಸಿದರು. ನಡುಗುವ ಕೈಯಲ್ಲಿ ಅದನ್ನು ಖೈರಕ್ಕನ ಬಾಯಿಯ ಹತ್ತಿರ ತಂದು ನಿಲ್ಲಿಸಿದರು. ನೀರು ಚೆಲ್ಲಿ ಹೊದಿಕೆ ಒದ್ದೆಯಾಯಿತು.

"ಕುಡೀರಿ ಜೀ, ಮಾತ್ರೆ ನುಂಗ್ಬೇಕು" ಅಂದರು ಖೈರಕ್ಕ.

ಅವರು ತಲೆಯಾಡಿಸಿದರು. ಗಂಟಲಲ್ಲಿ ಏನೋ ಗೊರಗೊರ ಅಂದಿತು. ಮತ್ತೆ ಪ್ರಯತ್ನಿಸಿದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಹಣೆಯಲ್ಲಿ ನರ ಉಬ್ಬಿ, ಕೊನೆಗೆ ಹೊರಬಿತ್ತು: "ಪ... ಪಡೋ."

ಓದು ಅಂತ. ಬೇಸಿಗೆಯಿಂದ ಆ ಬಾಯಲ್ಲಿ ಬಂದ ಮೊದಲ ಮಾತು ಅದು.

ಖೈರಕ್ಕ ಬಾಯಿಗೆ ಕೈ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸಾಹೇಬರು ಲೋಟ ಬಿಡಲಿಲ್ಲ. ಮಾತ್ರೆಯನ್ನೂ ನುಂಗಲಿಲ್ಲ. ಗಡಿಯಾರದ ಮುಳ್ಳಿಗೆ ಕಾಯುವವರ ಹಾಗೆ ಕಾಯುತ್ತಾ ಕೂತರು. ಕೊನೆಗೆ ಖೈರಕ್ಕ ಎದ್ದು, ಅವರ ಕಿವಿಯ ಹತ್ತಿರ ಬಗ್ಗಿ, ಬಿಕ್ಕಳಿಕೆಯ ನಡುವೆಯೇ ಓದತೊಡಗಿದರು. ಓದಿ, ಹೆದರಿ ಹೆದರಿ, ನೀರಿನ ಮೇಲೆ ಊದಿದರು. ಸಾಹೇಬರು ಮಾತ್ರೆ ಬಾಯಿಗೆ ಹಾಕಿಸಿಕೊಂಡು ಒಂದೇ ಗುಟುಕಿಗೆ ಕುಡಿದರು.

ನಾನು ಚೆಂಬು ಹಿಡಿದು ಹೊಸ್ತಿಲಲ್ಲೇ ನಿಂತಿದ್ದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹಾಗಾಯಿತಲ್ಲ ಅಂತ ನಾಚಿಕೆಯೂ ಆಯಿತು. ಕೆಡಿಸಿದ್ದು ನಾನು, ಸರಿ ಮಾಡಿದ್ದು ಮಾತು ಬಾರದ ಆ ಮನುಷ್ಯ. ಅವರಿಗೆ ಕಾಣದ ಹಾಗೆ ಇಳಿದು ಬಂದೆ.

ಮರುದಿನದಿಂದ ಮೆಟ್ಟಿಲಲ್ಲಿ ಗುನುಗು ಮತ್ತೆ ಕೇಳಿತು. ಆದರೆ ಖೈರಕ್ಕ ಲೋಟ ಹಿಡಿದು ಇಳಿದು ಬರಲಿಲ್ಲ. ಟೆರೇಸಿನ ಕ್ರೋಟನ್ನಿಗಾದರೂ ಹಾಕುತ್ತೀರಾ ಎಂದು ಕೇಳಿದೆ. "ಇಲ್ಲ, ಈಗ ಉಳ್ಸಲ್ಲ. ಅವ್ರು ಕುಡ್ದಿದ್ದು ಬಿಟ್ಟು ಮಿಕ್ಕಿದ್ದನ್ನ ನಾನೇ ಕುಡ್ದ್ಬಿಡ್ತೀನಿ" ಅಂದರು, ಬಹಳ ಸಹಜವಾಗಿ.

ಮಳೆ ಹಿಂದಾಯಿತು. ಬಿಸಿಲು ಹಳದಿಯಾಗಿ ಕಿಟಕಿಗೆ ಬೀಳುವ ಕಾಲ. ಒಂದು ಬೆಳಿಗ್ಗೆ ಆರ್ಕಿಡ್ಡಿನ ಬುಡದಲ್ಲಿ, ನಾನು ಕತ್ತರಿಸಿದ್ದ ಜಾಗದ ಸ್ವಲ್ಪ ಮೇಲೆ, ಹೊಸ ಬೇರು. ಬೆಳ್ಳಗೆ, ದಪ್ಪಗೆ, ತುದಿಯಲ್ಲಿ ಮಾತ್ರ ಎಳೆ ಹಸಿರು. ನನಗೆ ಹುಚ್ಚು ಹಿಡಿದಷ್ಟು ಖುಷಿಯಾಯಿತು. "ಖೈರಕ್ಕಾ! ಬನ್ನಿ, ಬೇಗ ಬನ್ನಿ! ಸಾಹೇಬ್ರನ್ನೂ ಕರ್ಕೊಂಡ್ ಬನ್ನಿ!" ಎಂದು ಮೆಟ್ಟಿಲಿಂದಲೇ ಕೂಗಿದೆ.

ಸಾಹೇಬರು ಆಗ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದರು. ನಾನೂ ಖೈರಕ್ಕನೂ ಆಚೆ ಈಚೆ ಹಿಡಿದುಕೊಂಡು ಅವರನ್ನು ಇಳಿಸಿ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿದೆವು. ಗಡಿಯಾರದ ಒಳಗಿನ ಚಕ್ರ ನೋಡಿ ಪಳಗಿದ ಕಣ್ಣು, ನಾನು ತೋರಿಸುವ ಮೊದಲೇ ಬೇರನ್ನು ಕಂಡುಹಿಡಿಯಿತು. ಎಡಗೈಯಿಂದ ಅದನ್ನು ಹೆಂಡತಿಗೆ ತೋರಿಸಿದರು.

"ನೋಡಿ ಖೈರಕ್ಕ" ಅಂದೆ. "ಆವತ್ತು ನೀವು ಕೊನೇದಾಗಿ ನೀರು ಹಾಕಿದ್ದು ಇದಕ್ಕೇ. ಇದೇ ಬದುಕಿದ್ದು. ಬಗ್ಗಿ ನೋಡಿ."

ಅವರ ಕಣ್ಣು ಅರಳಿತು. ಬಗ್ಗಲು ಹೊರಟವರು ಥಟ್ಟನೆ ನಿಂತರು. ಸೆರಗಿನ ತುದಿಯನ್ನು ಎಳೆದು, ಮೂಗು ಬಾಯಿ ಎರಡೂ ಮುಚ್ಚುವಂತೆ ಬಿಗಿಯಾಗಿ ಒತ್ತಿ ಹಿಡಿದುಕೊಂಡರು. ಆಮೇಲೆ ಬಗ್ಗಿ, ಗಿಡಕ್ಕೆ ತಮ್ಮ ಉಸಿರು ತಾಕದಷ್ಟು ದೂರದಲ್ಲಿ ನಿಂತು ನೋಡಿದರು.

"ಚೆನ್ನಾಗಿದೆ ಭಾಗ್ಯಮ್ಮಾ" ಅಂದರು ಬಟ್ಟೆಯ ಹಿಂದಿನಿಂದ.

"ಖೈರಕ್ಕಾ, ಸೆರಗು ತೆಗೀರಿ" ಅಂದೆ. "ತೆಗೀರಿ, ಏನೂ ಆಗಲ್ಲ."

ಅವರ ಕಣ್ಣು ನಕ್ಕಿತು. ಸೆರಗು ತೆಗೆಯಲಿಲ್ಲ.